ಹೆಸರು ಹೇಳಿ ಹಾಕಿಸಿದ ಫೋನು

ಪ್ರತಿ ತಿಂಗಳ ಮೊದಲ ಸೋಮವಾರ, ಖಾನಾವಳಿಗೆ ರೊಟ್ಟಿ ಕೊಟ್ಟು ಬಂದ ಮೇಲೆ, ಅನ್ನದಾನಮ್ಮ ಕೈಗಂಟಿದ ಜೋಳದ ಹಿಟ್ಟನ್ನು ತಿಕ್ಕಿ ತೊಳೆದು, ಒಗೆದ ಸೀರೆ ಉಟ್ಟು, ಕೊಟ್ಟೂರಿನ ಅಂಚೆ ಕಚೇರಿಗೆ ಹೋಗುತ್ತಿದ್ದಳು. ಸೊಲ್ಲಾಪುರಕ್ಕೆ ಫೋನು ಹಾಕಿಸುವುದಕ್ಕೆ. ಅಲ್ಲಿ ಒಂದು ಲಾರಿ ಆಫೀಸಿನಲ್ಲಿ ಅವಳ ಗಂಡ ಕೆಲಸಕ್ಕಿದ್ದ. ಏರಿದ ಮೂಟೆ, ಇಳಿದ ಮೂಟೆ ಬರೆದುಕೊಳ್ಳುವ ಕೆಲಸ. "ಎರಡು ವರ್ಸ ತಡಿ, ಅಲ್ಲೇ ಮನಿ ಹಿಡದು ನಿಮ್ಮನ್ನೂ ಕರಕೊಂಡು ಹೋಗ್ತೀನಿ" ಎಂದು ಹೇಳಿ ಹೋಗಿದ್ದ. ಎಪ್ಪತ್ತೊಂಬತ್ತನೇ ಇಸವಿಯ ಯುಗಾದಿಗೆ ಆ ಮಾತಿಗೆ ಆರು ವರ್ಷ ತುಂಬಿತು. ಮೊದಲ ನಾಲ್ಕು ವರ್ಷ ಯುಗಾದಿಗೊಮ್ಮೆ ಬಂದು ಮುಖ ತೋರಿಸಿ ಹೋಗುತ್ತಿದ್ದ. ಆಮೇಲೆ ಅದೂ ನಿಂತು, ಉಳಿದದ್ದು ಫೋನೊಂದೇ.

ಮೊಟ್ಟಮೊದಲು ಫೋನು ಹಾಕಿಸಲು ಹೋದ ದಿನ ಪೋಸ್ಟ್‌ಮಾಸ್ತರು ಪಾಲಾಕ್ಷಪ್ಪ ಅವಳನ್ನು ಬೆಂಚಿನ ಮೇಲೆ ಕೂರಿಸಿ, ಪಾಠ ಹೇಳಿದ ಹಾಗೆ ಹೇಳಿದ್ದರು. ಅವರು ಹರಪನಹಳ್ಳಿ ಕಡೆಯವರು. ಕೇಳಿದವರಿಗೆ ಬೇಸರವಿಲ್ಲದೆ ಬಿಡಿಸಿ ಹೇಳುವ ಮನುಷ್ಯ.

"ನೋಡ್ರಿ ಅಮ್ಮಾರೆ, ಟ್ರಂಕ್ ಕಾಲ್‌ನಾಗೆ ನಾಕು ನಮೂನೆ ಅದಾವೆ. ಆರ್ಡಿನರಿ ಅಂದ್ರೆ ಸಾದಾ. ಸರದಿ ಬಂದಾಗ ಸಿಗ್ತತೆ, ಒಂದು ತಾಸಾಗಬಹುದು, ನಾಕು ತಾಸಾಗಬಹುದು. ಅರ್ಜೆಂಟ್ ಅಂದ್ರೆ ಎರಡರಷ್ಟು ದುಡ್ಡು, ಲಗೂನ ಸಿಗ್ತತೆ. ಲೈಟ್ನಿಂಗ್ ಅಂತ ಒಂದೈತೆ, ಅದರ ಸುದ್ದಿ ನಮಗೂ ಬ್ಯಾಡ, ನಿಮಗೂ ಬ್ಯಾಡ."

"ನಾಕನೇದ್ರಿ?"

"ಅದು ಪಿ.ಪಿ. ಹೆಸರು ಹೇಳಿ ಹಾಕ್ಸೋದು. ಇಂಥೋರು ಅದಾರೇನು ಅಂತ ಅಲ್ಲಿ ಕೇಳ್ತಾರೆ. ಅವರು ಬಂದು ಫೋನ್ ಹಿಡಿದ ಮ್ಯಾಲೆ ಮೂರು ನಿಮಿಷ ಸುರು. ಅವರು ಇಲ್ಲ ಅಂದ್ರೆ ಮಾತಿನ ದುಡ್ಡಿಲ್ಲ, ಬರೇ ಪಿ.ಪಿ. ಫೀಸು ಅಷ್ಟೇ. ಆದ್ರೆ ಅವರು ಸಿಕ್ರೆ ಮಾತಿನ ದುಡ್ಡಿನ ಮ್ಯಾಲೆ ಆ ಫೀಸೂ ಕೂಡ್ತತೆ. ಸಾದಾ ಕಾಲ್‌ಗೆ ಹಂಗಲ್ಲ. ಅಲ್ಲಿ ನಾಯಿ ಫೋನ್ ಎತ್ತಿದ್ರೂ ಮೂರು ನಿಮಿಷದ ದುಡ್ಡು ಬಿತ್ತು."

ಅನ್ನದಾನಮ್ಮ ಇದನ್ನು ಮನಸ್ಸಿನಲ್ಲೇ ಎರಡು ಸಲ ಮಗುಚಿ ಹಾಕಿ ನೋಡಿದಳು. ಮನುಷ್ಯ ಇದ್ದೇ ಇರುತ್ತಾನೆ ಎಂದಾದರೆ ಸಾದಾ ಅಗ್ಗ. ಇರುತ್ತಾನೋ ಇಲ್ಲವೋ ಎಂದಾದರೆ ಪಿ.ಪಿ. ಅಗ್ಗ.

"ನಮ್ಮನಿಯವ್ರು ಅಲ್ಲೇ ಇರ್ತಾರ್ರಿ" ಎಂದಳು. "ಅವ್ರು ಸಿಗ್ತಾರೋ ಇಲ್ಲೋ ಅನ್ನೋ ಗುಮಾನಿಗೆ ನಾ ಯಾಕ ರೊಕ್ಕ ಕೊಡ್ಲಿ? ಸಾದಾ ಹಾಕ್ರಿ."

ಪಾಲಾಕ್ಷಪ್ಪ ನಕ್ಕು ಸಾದಾ ಹಾಕಿದರು.

ಅವಳು ಹೇಳದೆ ಬಿಟ್ಟ ಕಾರಣ ಇನ್ನೊಂದಿತ್ತು. ಪಿ.ಪಿ.ಗೆ ಹೆಸರು ಹೇಳಬೇಕು. ಅವಳು ಗಂಡನ ಹೆಸರನ್ನು ಬಾಯಿ ಬಿಟ್ಟು ಹೇಳಿದ್ದು ಜನ್ಮದಲ್ಲಿ ಒಂದೇ ಸಲ. ಮದುವೆಯಾಗಿ ಮನೆ ತುಂಬುವ ಹೊತ್ತಿಗೆ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದಾಗ, ಎಲ್ಲ ಹೆಣ್ಣುಮಕ್ಕಳ ಹಾಗೆ ಅವಳೂ ತಲೆ ತಗ್ಗಿಸಿ ಒಂದು ಒಡಪು ಹೇಳಿದ್ದಳು. "ಬಿಳಿಜ್ವಾಳದ ರಾಶಿಗೆ ಬಿದಿರಿನ ಮೊರ, ಗುರುಸಂಗಪ್ಪನವರು ಕರದ್ರ ಬರ್ತೀನಿ ಎಷ್ಟಿದ್ರೂ ದೂರ." ಅಷ್ಟೇ. ಅಲ್ಲಿಂದ ಇಪ್ಪತ್ತೆರಡು ವರ್ಷ ಅವನು 'ನಮ್ಮನಿಯವ್ರು', 'ಇವರು', 'ದಾಕ್ಷಾಯಣಿ ಅಪ್ಪ'. ರೇಶನ್ ಕಾರ್ಡಿನವರು ಬಂದಾಗಲೂ ಮಗಳನ್ನು ಮುಂದೆ ತಳ್ಳಿ ಅವಳಿಂದ ಹೇಳಿಸಿದ್ದಳು.

ಮೂರು ನಿಮಿಷ ಅಂದರೆ ಎಷ್ಟು ಎನ್ನುವುದು ಅನ್ನದಾನಮ್ಮನಿಗೆ ಗಡಿಯಾರ ನೋಡದೆ ಗೊತ್ತಿತ್ತು. ಒಂದು ರೊಟ್ಟಿ ತಟ್ಟಿ, ಹಂಚಿಗೆ ಹಾಕಿ, ನೀರು ಸವರಿ, ಮಗುಚಿ, ಕೆಂಡಕ್ಕೆ ಆನಿಸಿ ತೆಗೆಯುವಷ್ಟು. ಸೊಲ್ಲಾಪುರದಲ್ಲಿ ಯಾರೋ ಫೋನು ಎತ್ತುವರು. ಇವಳು "ಕೊಟ್ಟೂರಿಂದ್ರಿ, ನಮ್ಮನಿಯವ್ರನ್ನ ಕರೀರಿ" ಎನ್ನುವಳು. ಅವರು ಅಂಗಳಕ್ಕೆ ಕೂಗುವರು. ಅಷ್ಟರಲ್ಲಿ ರೊಟ್ಟಿ ತಟ್ಟಿ ಹಂಚಿಗೆ ಬಿದ್ದಿರುತ್ತಿತ್ತು. ಅವನು ಬರುವ ಹೊತ್ತಿಗೆ ಮಗುಚುವ ಸಮಯ. ಮಾತಾಡುವ ಮೊದಲು ಅವನು ಎರಡು ಸಲ ಗಂಟಲು ಸರಿಮಾಡಿಕೊಳ್ಳುವನು. ಕೊಟ್ಟೂರಿನ ಮಂಡಿಯಲ್ಲಿ ಹತ್ತು ವರ್ಷ ಶೇಂಗಾ ತೂಗಿ, ಆ ಧೂಳು ಕುಡಿದು ಹತ್ತಿದ ಚಾಳಿ. ಆ ಎರಡು ಕೆಮ್ಮು ಕೇಳಿದರೆ ಸಾಕು, ಅವಳ ಎದೆ ತಣ್ಣಗಾಗುತ್ತಿತ್ತು. ಆಮೇಲೆ ಉಳಿಯುವುದು ಕೆಂಡಕ್ಕೆ ಆನಿಸುವಷ್ಟು ಹೊತ್ತು. ಅದಕ್ಕೇ ಅವಳು ಹೇಳಬೇಕಾದ ಮಾತಿಗೊಂದರಂತೆ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋಗುತ್ತಿದ್ದಳು. ಮೂರು ಗಂಟು ಹಾಕಿದ ದಿನ ಎರಡು ಬಿಚ್ಚುತ್ತಿದ್ದವು. ಮೂರನೆಯದು ಮುಂದಿನ ತಿಂಗಳಿಗೆ.

ಎಪ್ಪತ್ತೊಂಬತ್ತರ ಆ ಯುಗಾದಿಯ ನಂತರ ಒಂದು ಗಂಟೂ ಬಿಚ್ಚಲಿಲ್ಲ. "ಲಾರಿ ಮ್ಯಾಲ ಹೋಗ್ಯಾನ" ಎಂದರು. ಮುಂದಿನ ತಿಂಗಳು "ಈಗ ಇನ್ನ ಹೊರಗ ಹೋದ." ಅದರ ಮುಂದಿನ ತಿಂಗಳೂ ಲಾರಿ. ನಾಲ್ಕನೆಯ ತಿಂಗಳು, "ಬಂದ ಮ್ಯಾಲ ಹೇಳ್ತೀವಿ." ನಾಲ್ಕು ಸಲವೂ ಮೂರು ನಿಮಿಷದ ದುಡ್ಡು ಬಿತ್ತು. ಬರೆದುಕೊಳ್ಳುವ ಕೆಲಸದವನು ಲಾರಿ ಮೇಲೆ ಯಾಕೆ ಹೋಗುತ್ತಾನೆ ಎಂದು ಅವಳು ಯಾರನ್ನೂ ಕೇಳಲಿಲ್ಲ. ತನ್ನನ್ನೂ ಕೇಳಿಕೊಳ್ಳಲಿಲ್ಲ.

ಐದನೆಯ ತಿಂಗಳಿಗೆ ದಾಕ್ಷಾಯಣಿಯ ಸಂಬಂಧ ಬಂತು. ಹುಡುಗ ಹಿರೇಹಡಗಲಿಯವನು, ಸೈಕಲ್ ಅಂಗಡಿ ಇಟ್ಟಿದ್ದ. ಹುಡುಗಿಯನ್ನು ನೋಡಿ ಒಪ್ಪಿದ್ದ. ದಾಕ್ಷಾಯಣಿಯೂ, ಬಾಯಿಬಿಟ್ಟು ಹೇಳದಿದ್ದರೂ, ಅಂದಿನಿಂದ ಎರಡೆರಡು ಸಲ ಹೆರಳು ಹಾಕಿಕೊಳ್ಳತೊಡಗಿದ್ದಳು. ಆದರೆ ಹುಡುಗನ ದೊಡ್ಡಪ್ಪ ಕರಿಸಿದ್ದಪ್ಪ ಒಂದು ಮಾತು ಇಟ್ಟು ಹೋಗಿದ್ದ.

"ತಂಗೆಮ್ಮಾ, ತಂದಿ ತೀರಿಕೊಂಡಿದ್ರ ಕಾಕ ಕುಂತು ನಿಶ್ಚಯದ ವೀಳ್ಯ ಹಿಡೀಬಹುದು, ಮಾವ ಹಿಡೀಬಹುದು. ತಂದಿ ಬದುಕಿರಬೇಕಾದ್ರ ತಂದೀನ ಹಿಡೀಬೇಕು. ಇದು ನಮ್ಮ ಮನಿ ಪದ್ಧತಿ. ಶುಕ್ರವಾರ ಬರ್ತೀವಿ. ಅಷ್ಟರಾಗ ನಿಮ್ಮನಿಯವ್ರು ಯಾವತ್ತು ಬರ್ತಾರ ಅಂತ ಕೇಳ್ಕೊಂಡಿರು. ಬಂದು ಕುಂತ್ರ ಸಾಕು, ಮತ್ತೇನೂ ಬ್ಯಾಡ."

ಪಕ್ಕದ ಮನೆಯ ಮಹಬೂಬ್ ಬೀ ಗೋಡೆಯ ಆಚೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಗಂಡ ಪೇಟೆಯಲ್ಲಿ ಹಾಸಿಗೆ ಹೊಲಿಯುತ್ತಿದ್ದ. ಸಂಜೆ ಹತ್ತಿಯ ಎಳೆಗಳನ್ನು ಕೂದಲಲ್ಲಿ ಸಿಕ್ಕಿಸಿಕೊಂಡೇ ಬಂದು ಒಲೆಯ ಮುಂದೆ ಕೂತಳು.

"ಅಕ್ಕಾ, ಈ ಸಲ ಹೆಸರಿನ ಫೋನ್ ಹಾಕ್ಸು. ಸಾದಾ ಹಾಕ್ಸಿ ಹಾಕ್ಸಿ ನಿನ್ನ ರೊಟ್ಟಿ ಎಲ್ಲಾ ಸೊಲ್ಲಾಪುರದ ತಂತಿ ತಿಂತು."

"ಹೆಸರು ಹೇಳ್ಬೇಕಲ್ಲಬೇ ಬೂಬವ್ವ."

"ಹೇಳು. ನಾನೇನು ನಮ್ಮೋರ ಹೆಸರು ಹೇಳ್ತೀನೇನು? ಆದ್ರ ರೇಶನ್ ಸಾಹೇಬ ಕೇಳ್ದಾಗ ಹೇಳ್ದೆ. ಸರ್ಕಾರದ ಮುಂದ ಹೇಳಿದ್ದು ಹೆಸರಲ್ಲ ಅಕ್ಕಾ, ಅರ್ಜಿ. ಇಲ್ಲಾಂದ್ರ ದಾಕ್ಷಾಯಣೀನ ಕಳ್ಸು, ಆಕಿ ಹೇಳ್ತಾಳ."

"ತನ್ನ ಲಗ್ನದ ಮಾತಿಗೆ ಹುಡುಗೀನ ಕಳಿಸ್ಲೇನು? ನೋಡಿದೋರು ಏನಂದಾರು?"

"ಹಂಗಾರ ನೀನ ಹೋಗು. ಬಾಯೇನು ಸವೀತೈತೇನು?"

ಅನ್ನದಾನಮ್ಮ ಕೆಂಡದ ಮೇಲಿನ ರೊಟ್ಟಿಯನ್ನು ತಿರುಗಿಸಿದಳು. ಅವಳನ್ನು ತಡೆಯುತ್ತಿದ್ದದ್ದು ಹೆಸರಷ್ಟೇ ಆಗಿರಲಿಲ್ಲ. ಪಿ.ಪಿ. ಹಾಕಿಸಿದರೆ ಅವನು ಸಿಗುತ್ತಾನೋ ಇಲ್ಲವೋ ಎಂಬ ಗುಮಾನಿ ತನಗಿದೆ ಎಂದು ತಾನೇ ಒಪ್ಪಿಕೊಂಡ ಹಾಗೆ. ಅದನ್ನು ಮಹಬೂಬ್ ಬೀಗೆ ಹೇಗೆ ಹೇಳುವುದು?

ಸೋಮವಾರ ಅಂಚೆ ಕಚೇರಿಯಲ್ಲಿ ನಾಲ್ಕೈದು ಜನರಿದ್ದರು. ಮನಿಯಾರ್ಡರಿಗೆ ಬಂದಿದ್ದ ಬಳೆಗಾರ ಮೈಲಪ್ಪ ಬೆಂಚಿನ ತುದಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ. ಅನ್ನದಾನಮ್ಮ ಕಿಟಕಿಗೆ ಹೋಗಿ ಸಣ್ಣ ದನಿಯಲ್ಲಿ, "ಇವತ್ತು ಪಿ.ಪಿ. ಹಾಕ್ರಿ" ಎಂದಳು.

ಪಾಲಾಕ್ಷಪ್ಪ ತಲೆಯೆತ್ತಿ ಅವಳ ಮುಖ ನೋಡಿ, ಏನೂ ಕೇಳದೆ ಚೀಟಿ ತೆಗೆದರು. "ಹೆಸರು?"

"ದಾಕ್ಷಾಯಣಿ ಅಪ್ಪ ಅಂತ ಬರ್ಕೊಳ್ರಿ."

"ಅಮ್ಮಾರೆ, ಸೊಲ್ಲಾಪುರದಾಗೆ ದಾಕ್ಷಾಯಣಿ ಯಾರು ಅಂತ ಯಾರಿಗೆ ಗೊತ್ತೈತೆ?"

"ಕೊಟ್ಟೂರಿನೋರು ಅಂತ ಬರೀರಿ. ಅಲ್ಲಿ ಒಬ್ಬರ ಅದಾರ."

"ಹಂಗೆ ತಗಳ್ಳಲ್ಲರಿ. ಹೆಸರೇ ಬೇಕು."

ಅನ್ನದಾನಮ್ಮ ಕಿಟಕಿಯ ಕಟ್ಟೆ ಹಿಡಿದು ನಿಂತಳು. ಹಿಂದಿನಿಂದ ಮೈಲಪ್ಪ, "ಒಡಪು ಹಾಕಿ ಹೇಳಬೇ ಎಕ್ಕಾ! ಪೋಸ್ಟ್‌ಮಾಸ್ತರು ಬಾಗಲಾ ಕಟ್ಯಾರ, ಹೇಳದ ಒಳಗ ಬಿಡಾಂಗಿಲ್ಲ" ಎಂದ. ಎಲ್ಲರೂ ನಕ್ಕರು. ಅವಳಿಗೂ ನಗು ಬಂತು. ಕಿವಿ ಬಿಸಿಯಾಯಿತು. ನಲವತ್ತರ ಹೆಂಗಸು ಹದಿನೆಂಟರ ಮದುವಣಗಿತ್ತಿಯ ಹಾಗೆ ಸೆರಗನ್ನು ಬಾಯಿಗೆ ಹಿಡಿದು, ಆ ಸೆರಗಿನೊಳಗಿಂದಲೇ ಹೇಳಿದಳು.

"ಗುರುಸಂಗಪ್ಪನವ್ರು."

"ಭೇಷ್!" ಎಂದ ಮೈಲಪ್ಪ. "ಕೇಳಿದ್ರ ಅಲ್ಲಿಂದ ಓಡಿ ಬರ್ತಾನ ನೋಡು."

ಮೂರು ತಾಸು ಕಾದಳು. ಅಂದು ಸೆರಗಿನಲ್ಲಿ ಒಂದೇ ಗಂಟು ಇತ್ತು. ಒಂದೂವರೆಗೆ ಫೋನು ಬಡಿಯಿತು. ಅದೇ ಹೊತ್ತಿಗೆ ಕೂಡ್ಲಿಗಿಯ ಬಸ್ಸು ಬಂದು ಟಪಾಲಿನ ಚೀಲಕ್ಕೆ ಹಾರ್ನ್ ಹೊಡೆಯಿತು. ಪಾಲಾಕ್ಷಪ್ಪ ಫೋನಿನ ಗೂಡಿನಿಂದ ಕೂಗಿ ಅವಳನ್ನು ಕರೆದು, ರಿಸೀವರನ್ನು ಕೈಗೆ ಕೊಟ್ಟರು.

"ಸೊಲ್ಲಾಪುರ ಸಿಗಾಕತ್ತೈತೆ. ಕಿವಿಗೆ ಹಿಡ್ಕಂಡು ನಿಂತ್ಕಳ್ರಿ. ಅವರು ಬಂದು ಹಲೋ ಅನ್ನೋ ತನಕ ನೀವು ಮಾತಾಡಬಾರ್ದು ಮತ್ತೆ. ಮಾತಾಡಿದ್ರೆ ದುಡ್ಡು ಬೀಳ್ತತೆ. ನಾ ಚೀಲ ಕೊಟ್ಟು ಬಂದೆ."

ಮೊದಲು ಗಾಳಿ ಬೀಸಿದಂಥ ಸದ್ದು. ಆಮೇಲೆ ಆಪರೇಟರ್ ಹೆಣ್ಣೊಬ್ಬಳ ದನಿ, ಮರಾಠಿಯೋ ಹಿಂದಿಯೋ, ಅದರೊಳಗೆ ಒಂದೇ ಕನ್ನಡದ ಮಾತು, ಗುರುಸಂಗಪ್ಪ. ಯಾರೋ ಪರಕೀಯಳ ಬಾಯಲ್ಲಿ ಆ ಹೆಸರು ಕೇಳಿ ಅವಳ ಮೈ ಜುಮ್ಮೆಂದಿತು. ಆ ಕಡೆಯ ಗಂಡಸು, "ಗುರುಸಂಗಪ್ಪಾ, ಕೊಟ್ಟೂರಿಂದ ನಿನಗ. ಪಿ.ಪಿ." ಎಂದು ಪಕ್ಕಕ್ಕೆ ಹೇಳಿದ.

ದೂರಕ್ಕೆ ಕೂಗಿ ಹೇಳಲಿಲ್ಲ. ಪಕ್ಕಕ್ಕೆ ಹೇಳಿದ.

ಎರಡು ಸಲ ಗಂಟಲು ಸರಿಮಾಡಿಕೊಂಡ ಸದ್ದು ಬಂತು. ಅನ್ನದಾನಮ್ಮ ಸೆರಗಿನ ಗಂಟಿಗೆ ಕೈ ಹಾಕಿದಳು.

"ಇಲ್ಲ ಅನ್ನು. ಲಾರಿ ಮ್ಯಾಲ ಹೋಗ್ಯಾನ ಅನ್ನು."

"ಪ್ರತಿ ತಿಂಗಳಾ ಏನಂತ ಹೇಳ್ಲಿ ಮಾರಾಯ? ಪಾಪ, ಒಂದು ಮಾತು ಆಡು."

"ಆಡಿದ್ರ ಬಾ ಅಂತಾಳ. ಬ್ಯಾಡ ಇಡು. ಪಿ.ಪಿ. ಐತಲ್ಲ, ಆಕಿಗೂ ದುಡ್ಡು ಬೀಳಾಂಗಿಲ್ಲ."

ಆ ಗಂಡಸು ಫೋನಿಗೆ ಬಾಯಿಟ್ಟು ಇಲ್ಲ ಎಂದ. ಹೆಣ್ಣುದನಿ ಏನೋ ಹೇಳಿತು. ಮತ್ತೆ ಗಾಳಿ.

ಅನ್ನದಾನಮ್ಮ ಮಾತಾಡಲಿಲ್ಲ. ಹಲೋ ಅನ್ನುವ ತನಕ ಮಾತಾಡಬಾರದು ಎಂದಿದ್ದರು. ಯಾರೂ ಹಲೋ ಅಂದಿರಲಿಲ್ಲ.

ಪಾಲಾಕ್ಷಪ್ಪ ಬಂದು ರಿಸೀವರು ತೆಗೆದುಕೊಂಡು ಆಪರೇಟರ್ ಹತ್ತಿರ ಕೇಳಿ, "ಇಲ್ಲಂತಮ್ಮಾ, ಲಾರಿ ಮ್ಯಾಲೆ ಹೋಗ್ಯಾರಂತೆ" ಎಂದರು. "ಪಿ.ಪಿ. ಹಾಕ್ಸಿದ್ದು ಚಲೋ ಆತು ನೋಡ್ರಿ, ಬರೇ ಫೀಸಿನಾಗೆ ಮುಗೀತು. ಇನ್ನೊಂದು ತಾಸು ಬಿಟ್ಟು ಮತ್ತೆ ಕೇಳ್ಸಲೇನು?"

"ಬ್ಯಾಡ್ರಿ."

"ಉಳೀತಲ್ಲಬೇ ಎಕ್ಕಾ ದುಡ್ಡು!" ಎಂದ ಮೈಲಪ್ಪ ಬೆಂಚಿನಿಂದ. ಅನ್ನದಾನಮ್ಮ ಫೀಸು ಎಣಿಸಿ ಕಟ್ಟೆಯ ಮೇಲಿಟ್ಟು ರಸೀದಿ ಇಸಿದುಕೊಂಡು ಹೊರಗೆ ಬಂದಳು. ಸೆರಗಿನ ಗಂಟು ಹಾಗೇ ಇತ್ತು. ಮನೆಗೆ ಹೋಗುವ ದಾರಿಯಲ್ಲಿ ಅದನ್ನು ಬಿಚ್ಚಿ ಹಾಕಿದಳು.

ಮಹಬೂಬ್ ಬೀ ಒಬ್ಬಳಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಅವಳು ಹತ್ತಿಯ ಎಳೆ ಬಿಡಿಸುತ್ತಾ, "ಅಕ್ಕಾ, ಶುಕ್ರವಾರ ಇದನ್ನೆಲ್ಲಾ ಹೇಳಬ್ಯಾಡ. ಲಾರಿ ಮ್ಯಾಲ ಹೋಗ್ಯಾರಂತ, ಬಂದ ಮ್ಯಾಲ ತಿಳಿಸ್ತಾರಂತ ಅನ್ನು. ಪೋಸ್ಟ್‌ಮಾಸ್ತರೂ ಅದನ್ನ ಹೇಳ್ತಾನ. ಸುಳ್ಳು ನಿಂದಲ್ಲ, ಅವರದು" ಎಂದಳು.

ಶುಕ್ರವಾರ ಕರಿಸಿದ್ದಪ್ಪ ತನ್ನ ಹೆಂಡತಿಯನ್ನೂ ತಮ್ಮನನ್ನೂ ಕರೆದುಕೊಂಡು ಬಂದ. ಮಂಡಕ್ಕಿ, ಮಿರ್ಚಿ, ಚಹಾ ಆಯಿತು. ದಾಕ್ಷಾಯಣಿ ಒಳಮನೆಯ ಬಾಗಿಲ ಹಿಂದೆ ನಿಂತಿದ್ದಳು. ಬಳೆಯ ಸದ್ದು ಕೇಳುತ್ತಿತ್ತು.

"ಏನಾತು ತಂಗೆಮ್ಮಾ? ನಿಮ್ಮನಿಯವ್ರು ಸಿಕ್ಕರೇನು? ಯಾವತ್ತು ಬರ್ತಾರಂತ?"

ಲಾರಿಯ ಮಾತು ಅವಳ ನಾಲಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಿದರೆ ಇವರು ಇನ್ನೊಂದು ತಿಂಗಳು ಕಾಯುತ್ತಾರೆ. ತಾನು ಮತ್ತೆ ಹೋಗಿ ಆ ಕಟ್ಟೆ ಹಿಡಿದು ನಿಲ್ಲಬೇಕು, ಮತ್ತೆ ಆ ಹೆಸರು ಹೇಳಬೇಕು, ಅವನು ಮತ್ತೆ ಗಂಟಲು ಸರಿಮಾಡಿಕೊಂಡು ಇಲ್ಲ ಅನ್ನಿಸಬೇಕು. ಬಾಯಿ ತೆರೆದಾಗ ಬಂದದ್ದು ಬೇರೆ.

"ಗುರುಸಂಗಪ್ಪ ಬರಾಂಗಿಲ್ರಿ. ಅಲ್ಲೇ ಅದಾನ. ಅಲ್ಲಿದ್ದು ಇಲ್ಲ ಅನಸ್ತಾನ. ನಾ ಕಿವಿಯಾರೆ ಕೇಳೀನಿ."

ಕರಿಸಿದ್ದಪ್ಪನ ಹೆಂಡತಿ ಬಾಯಿಗೊಯ್ದ ಬಟ್ಟಲನ್ನು ಕೆಳಗಿಟ್ಟಳು. ಅವಳು ನೋಡಿದ್ದು ಅನ್ನದಾನಮ್ಮನ ಮುಖವನ್ನಲ್ಲ, ಕೊರಳ ತಾಳಿಯನ್ನು. "ಏನಂದಿ? ಗಂಡನ ಹೆಸರನ್ನ ಹಂಗ ತಗೀತಿ?" ಎಂದಳು.

ಕರಿಸಿದ್ದಪ್ಪ ಒಳ್ಳೆಯ ಮನುಷ್ಯ. ಹೆಂಡತಿಗೆ ಸುಮ್ಮನಿರು ಎಂದು ಕೈ ಮಾಡಿದ. ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡ. "ಆತು ತಂಗೆಮ್ಮಾ, ಊರಿಗೆ ಹೋಗಿ ಕೂಡಿ ಮಾತಾಡಿ ಹೇಳಿಕಳಸ್ತೀವಿ" ಎಂದು ಎದ್ದ. ಹೊಸ್ತಿಲು ದಾಟಿದ ಮೇಲೆ ಅವನ ಹೆಂಡತಿಯ ಮಾತು ಎಲ್ಲರಿಗೂ ಕೇಳುವಂತೆಯೇ ಬಂತು.

"ಬಿಟ್ಟು ಹೋದ ಗಂಡ ಇರ್ತಾನ, ಅದಕ್ಕೇನು, ಹೆಣ್ಣುಮಕ್ಕಳ ಹಣೇಬರ. ಆದ್ರ ಈಕಿ ಎತ್ತು ಕರದಂಗ ಕರದ್ಲು ನೋಡ್ರಿ! ತಾಯಿ ನಾಲಗಿ ಮಗಳಿಗೆ ಬರಾಂಗಿಲ್ಲೇನು?"

ಅವರು ಹೇಳಿ ಕಳಿಸಲಿಲ್ಲ. ಹದಿನೈದು ದಿನಕ್ಕೆ ಆ ಹುಡುಗನಿಗೆ ಹಂಪಸಾಗರದ ಹೆಣ್ಣು ಗೊತ್ತಾದ ಸುದ್ದಿ ಬಂತು.

ದಾಕ್ಷಾಯಣಿ ಅತ್ತಳೋ ಇಲ್ಲವೋ ಯಾರೂ ನೋಡಲಿಲ್ಲ. ಆ ಸುದ್ದಿ ಬಂದ ಸಂಜೆ ಹಿಟ್ಟು ನಾದುತ್ತಾ, ತಲೆಯೆತ್ತದೆ, "ಅವ್ವಾ, ಒಂದು ಸುಳ್ಳು ಹೇಳಿದ್ರ ನಿನಗೇನು ಹೋಗ್ತಿತ್ತು?" ಎಂದಳು. ಅನ್ನದಾನಮ್ಮ ಮಗಳ ಕಡೆ ತಿರುಗಿದಳು. ಹಂಚಿನ ಮೇಲಿನ ರೊಟ್ಟಿ ಕರಿದಾಯಿತು. ಆ ರೊಟ್ಟಿಯನ್ನು ಖಾನಾವಳಿಯ ಲೆಕ್ಕದಿಂದ ತೆಗೆದು ತನ್ನ ತಟ್ಟೆಗೆ ಹಾಕಿಕೊಂಡಳು.

ಮುಂದಿನ ತಿಂಗಳ ಮೊದಲ ಸೋಮವಾರ ಅವಳು ಅಂಚೆ ಕಚೇರಿಗೆ ಹೋದಾಗ ಪಾಲಾಕ್ಷಪ್ಪ ಚೀಟಿಯನ್ನು ಮೊದಲೇ ಬರೆದಿಟ್ಟಿದ್ದರು.

"ನಿಮಗೆ ಹೇಳೋಕೆ ನಾಚಿಕೆ ಆಗ್ತತಲ್ಲ, ನಾನೇ ಬರ್ದೀನಿ ನೋಡ್ರಿ. ಇನ್ನ ನೀವು ಬಾಯಿ ಬಿಡೋದೇ ಬ್ಯಾಡ. ಬಂದು ಕುಂತ್ರೆ ಆತು."

ಅನ್ನದಾನಮ್ಮ ಚೀಟಿಯನ್ನು ತನ್ನ ಕಡೆ ತಿರುಗಿಸಿಕೊಂಡಳು. ಎರಡನೆಯ ಇಯತ್ತೆಯವರೆಗೆ ಕಲಿತ ಅಕ್ಷರ. ಒಂದೊಂದರ ಕೆಳಗೂ ಬೆರಳು ಇಟ್ಟು ಓದಿದಳು. ಗು. ರು. ಸಂ. ಗ. ಪ್ಪ. ಅದನ್ನು ಹಾಗೇ ಅವರ ಕಡೆ ಸರಿಸಿದಳು.

"ಇದು ಬ್ಯಾಡ್ರಿ. ನಿಮ್ಮ ಹತ್ರ ಎಲ್ಲಾಕ್ಕಿಂತ ಅಗ್ಗದ್ದು ಯಾವುದೈತಿ?"

"ಅಗ್ಗದ್ದು ಅಂದ್ರೆ... ಕಾರ್ಡು."

"ಒಂದು ಕೊಡ್ರಿ."

ಬೆಂಚಿನ ಮೇಲೆ ಕೂತು, ಪಾಲಾಕ್ಷಪ್ಪನ ಪೆನ್ನು ಇಸಿದುಕೊಂಡು, ಬರೆಯತೊಡಗಿದಳು. ಹತ್ತಕ್ಕೆ ಶುರು ಮಾಡಿದ್ದು ಮುಗಿಯುವಾಗ ಬಿಸಿಲು ಬಾಗಿಲಿನಿಂದ ಸರಿದು ಗೋಡೆ ಹತ್ತಿತ್ತು. ಮೊದಲು ವಿಳಾಸದ ಕಡೆ ಅವನ ಹೆಸರು ಬರೆದಳು, ಚೀಟಿಯಲ್ಲಿದ್ದಂತೆ, 'ಅವರಿಗೆ' ಎನ್ನುವುದಿಲ್ಲದೆ. ಲಾರಿ ಆಫೀಸಿನ ವಿಳಾಸ ಪಾಲಾಕ್ಷಪ್ಪ ಬರೆದುಕೊಟ್ಟರು. ಮಗುಚಿ ಈ ಕಡೆ ನಾಲ್ಕು ಸಾಲು, ದೊಡ್ಡ ದೊಡ್ಡ ಅಕ್ಷರ, ಕೆಲವು ಗೆರೆ ದಾಟಿ ಕೆಳಗೆ ಇಳಿದಿದ್ದವು. ಕಾರ್ಡನ್ನು ಲಾರಿ ಆಫೀಸಿನಲ್ಲಿ ಮೊದಲು ಯಾರು ಎತ್ತಿಕೊಳ್ಳುತ್ತಾರೋ ಅವರು ಓದುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು.

ಪಾಲಾಕ್ಷಪ್ಪ ಕೈಗೆ ಬಂದ ಎಲ್ಲ ಕಾರ್ಡುಗಳನ್ನೂ ಓದುವವರು. ಇದನ್ನೂ ಓದಿದರು.

*ಗುರುಸಂಗಪ್ಪ. ಹೋದ ತಿಂಗಳು ಸೋಮವಾರ ಒಂದೂವರೆಗೆ ನೀನು ಇಲ್ಲ ಅಂದದ್ದು ನಾನ ಕೇಳಿನಿ. ನಾ ಫೋನಿನಾಗ ಇದ್ದೆ. ದಾಕ್ಷಾಯಣಿ ಲಗ್ನ ಮುರಿತು. ಇನ್ನ ಫೋನು ಬರಾದಿಲ್ಲ, ನೀನು ಲಾರಿ ಮ್ಯಾಲ ಹೋಗಾದು ಬ್ಯಾಡ.*

ಓದಿ ಮುಗಿಸಿ, ಮೇಜಿನ ಮೇಲಿದ್ದ ಪಿ.ಪಿ. ಚೀಟಿಯನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕಿದರು. ಕಾರ್ಡಿಗೆ ಮುದ್ರೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಅವಳ ಅಕ್ಷರದ ಮೇಲೆ ಮಸಿ ಬೀಳದ ಹಾಗೆ ಒತ್ತಿದರು.